ಜಯದೇವದ ಸರದಿ ಕರಗಿದ ಮೇಲೆ: ನಂಜನಗೂಡು, ತಿ. ನರಸೀಪುರದ ಹೃದಯದ ಲೆಕ್ಕ

ಜೂನ್ ತಿಂಗಳು ನಮಗೆ ಯೇಸುವಿನ ಪವಿತ್ರ ಹೃದಯದ ತಿಂಗಳು. 2025ರ ಜೂನ್ ತಿಂಗಳಲ್ಲಿ ಮಾತ್ರ ಇಡೀ ಕರ್ನಾಟಕವೇ ಹೃದಯದ ಮಾತನಾಡಿತು, ಆದರೆ ಬೇರೆ ಕಾರಣಕ್ಕೆ. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ದಿನಕ್ಕೊಂದರಂತೆ ಟಿ.ವಿ.ಯಲ್ಲಿ ಬಂತು. ಸತ್ತವರಲ್ಲಿ ಹಲವರು ಚಿಕ್ಕ ವಯಸ್ಸಿನವರು. ಜುಲೈ ಮೊದಲ ವಾರಕ್ಕೆ ಬರುವಷ್ಟರಲ್ಲಿ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಬೆಳಕು ಹರಿಯುವ ಮೊದಲೇ ಸಾಲು. ಹಾಸನ, ಮಂಡ್ಯ, ಚಾಮರಾಜನಗರ ಎನ್ನದೆ ಸುತ್ತಲಿನ ಊರುಗಳಿಂದ ಜನ ಬಂದರು. ಎದೆನೋವು ಇದ್ದವರು ಬಂದರು, ಇಲ್ಲದವರು ಅದಕ್ಕಿಂತ ಹೆಚ್ಚಾಗಿ ಬಂದರು. ಕೊನೆಗೆ ಆಸ್ಪತ್ರೆಯವರೇ ಮುಂದೆ ಬಂದು, ಗಾಬರಿ ಬೇಡ, ಮೊದಲು ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ ಎಂದು ಕೇಳಿಕೊಳ್ಳಬೇಕಾಯಿತು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ಅದರಲ್ಲಿ 4 ಸಾವುಗಳು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದ 20ರಲ್ಲಿ 10 ಖಚಿತವಾಗಿ ಹೃದಯದ ಕಾಯಿಲೆಯಿಂದ, ಇನ್ನು 10 ಬಹುಶಃ ಹೃದಯದ ಕಾಯಿಲೆಯಿಂದ ಆದವು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಬೊಜ್ಜು ಇವೇ ಹಳೆಯ ಕಾರಣಗಳು ಇಲ್ಲಿಯೂ ಕಂಡವು. ಅಸಹಜ ಏರಿಕೆ ಇಲ್ಲ ಎಂಬುದು ಸಮಿತಿಯ ತೀರ್ಮಾನ. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತಿಗೂ ಆಧಾರ ಸಿಗಲಿಲ್ಲ. ವರದಿ ಬಂತು, ಟಿ.ವಿ. ಬೇರೆ ಸುದ್ದಿಗೆ ಹೋಯಿತು, ಸಾಲು ಕರಗಿತು.

ಸಾಲು ಕರಗಿದ್ದು ಒಳ್ಳೆಯ ಸುದ್ದಿಯೇ? ಅರ್ಧ ಮಾತ್ರ. ಏಕೆಂದರೆ ಇದು ಮೊದಲ ಸಲವಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಜಯದೇವದ ಮುಂದೆ ಇದೇ ರೀತಿ ಜನ ನಿಂತಿದ್ದರು. ಆಗಲೂ ಕೆಲವೇ ವಾರ. ಹೆಸರಿರುವವರು ಸತ್ತಾಗ ಎದೆ ಮುಟ್ಟಿ ನೋಡಿಕೊಳ್ಳುವುದು, ಮತ್ತೆ ಮರೆತುಬಿಡುವುದು ನಮ್ಮ ರೂಢಿಯಾಗಿದೆ.

ಈ ಬರಹಕ್ಕೆ ನಂಜನಗೂಡು ಮತ್ತು ತಿ. ನರಸೀಪುರ ತಾಲೂಕುಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕರಾವಳಿಯಲ್ಲಿ ಕುಳಿತ ನಮಗೆ ಈ ಊರುಗಳು ದೂರ ಅನಿಸಬಹುದು. ಆದರೆ ಕರಾವಳಿಯ ಎಷ್ಟೋ ಧರ್ಮಗುರುಗಳು, ಧರ್ಮಭಗಿನಿಯರು ಮೈಸೂರು ಧರ್ಮಪ್ರಾಂತ್ಯದ ಊರುಗಳಲ್ಲಿ ಸೇವೆ ಮಾಡಿದ್ದಾರೆ, ಮಾಡುತ್ತಿದ್ದಾರೆ. ಮಂಗಳೂರಿನಲ್ಲಿ ಎದೆ ಹಿಡಿದರೆ ರಿಕ್ಷಾ ಹತ್ತಿ ಹತ್ತು ನಿಮಿಷದಲ್ಲಿ ಒಂದಲ್ಲ ಒಂದು ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಹೋಗಬಹುದು. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧದ ಪೆಟ್ಟಿಗೆ ತೆರೆದಂದಿನಿಂದ ನಮಗೆ ಆ ಭಾಗ್ಯ ಸಿಕ್ಕಿದೆ. ಕಪಿಲಾ ನದಿಯ ದಡದ ಹಳ್ಳಿಯವನಿಗೆ ಅದು ಇಲ್ಲ.

ಈ ಸೀಮೆಯ ಜನ ಹೃದಯಾಘಾತದ ಸುದ್ದಿಯನ್ನು ಹತ್ತಿರದಿಂದ ಕಂಡವರು. 2017ರ ಜನವರಿ 3ರಂದು ಪಕ್ಕದ ಗುಂಡ್ಲುಪೇಟೆಯ ಶಾಸಕ, ಸಹಕಾರ ಸಚಿವ ಎಚ್.ಎಸ್. ಮಹದೇವಪ್ರಸಾದ್ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ತಂಗಿದ್ದಾಗ ನಿದ್ದೆಯಲ್ಲೇ ತೀರಿಕೊಂಡರು. 2023ರ ಮಾರ್ಚ್ 11ರಂದು ಬೆಳಗಿನ ಜಾವ ಆರ್. ಧ್ರುವನಾರಾಯಣ ಅವರಿಗೆ ಮೈಸೂರಿನ ಮನೆಯಲ್ಲಿ ಎದೆನೋವು ಬಂತು. ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ಅವರು ಎರಡು ಸಲ ಪ್ರತಿನಿಧಿಸಿದ್ದ ಚಾಮರಾಜನಗರ ಲೋಕಸಭಾ ಕ್ಷೇತ್ರದೊಳಗೇ ನಂಜನಗೂಡು, ವರುಣ, ತಿ. ನರಸೀಪುರ ಮೂರೂ ಬರುತ್ತವೆ. ನಂಜನಗೂಡಿನಿಂದ ವಿಧಾನಸಭೆಗೆ ನಿಲ್ಲುವ ತಯಾರಿಯಲ್ಲಿದ್ದರು. ವಯಸ್ಸು 61. ಎರಡು ತಿಂಗಳ ನಂತರ ಅದೇ ಕ್ಷೇತ್ರದಲ್ಲಿ ಅವರ ಮಗ ಗೆದ್ದರು.

ಈ ಸಾವುಗಳನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ಇದೇ ಸೀಮೆಯ ಇನ್ನೊಂದು ಉದಾಹರಣೆಯನ್ನು ಯಾರೂ ಹೇಳುವುದಿಲ್ಲ. ವರುಣ ಕ್ಷೇತ್ರ ನಂಜನಗೂಡು, ನರಸೀಪುರ ತಾಲೂಕುಗಳ ಹಳ್ಳಿಗಳನ್ನೂ ಒಳಗೊಂಡಿದೆ. ಅಲ್ಲಿಯ ಸಿದ್ದರಾಮಯ್ಯನವರಿಗೆ 2019ರ ಡಿಸೆಂಬರ್‌ನಲ್ಲಿ ಎದೆಯಲ್ಲಿ ತೊಂದರೆ ಕಾಣಿಸಿಕೊಂಡಿತು. ಬೆಂಗಳೂರಿನ ಆಸ್ಪತ್ರೆಗೆ ಸೇರಿದರು, ಆಂಜಿಯೋಪ್ಲಾಸ್ಟಿ ಆಯಿತು. ಅದಕ್ಕೂ ಸುಮಾರು ಎರಡು ದಶಕದ ಹಿಂದೆ ಒಮ್ಮೆ ಆಗಿತ್ತು. ಅದೇ ಮನುಷ್ಯ 2023ರ ಮೇ ತಿಂಗಳಲ್ಲಿ ಎರಡನೇ ಬಾರಿ ಮುಖ್ಯಮಂತ್ರಿಯಾದರು. ರಾಜಕೀಯವಾಗಿ ಅವರನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಹೃದಯದ ತೊಂದರೆ ಇದೆ ಎಂದು ಗೊತ್ತಿದ್ದು, ಕಾಲಕಾಲಕ್ಕೆ ತೋರಿಸಿಕೊಂಡು, ಇಪ್ಪತ್ತು ವರ್ಷ ದುಡಿಯಬಹುದು ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷಿ ಬೇರೆ ಬೇಕಿಲ್ಲ. ಸಾವು ಸುದ್ದಿಯಾಗುತ್ತದೆ, ಬದುಕಿದ್ದು ಸುದ್ದಿಯಾಗುವುದಿಲ್ಲ.

ಈಗ ಆ ಸಾಲಿಗೆ ಮರಳೋಣ. ಜುಲೈ ತಿಂಗಳ ಆ ಸಾಲಿನಲ್ಲಿ ನಿಲ್ಲಲೇಬೇಕಾಗಿದ್ದ ಒಂದು ಗುಂಪು ಅಲ್ಲಿ ಹೆಚ್ಚು ಕಾಣಲಿಲ್ಲ ಎಂಬುದು ನನ್ನ ಅನುಮಾನ. ಅವರೇ 'ಸ್ವಲ್ಪ' ಹೃದಯದ ತೊಂದರೆ ಇರುವವರು. ಶಾಲೆಯ ತಪಾಸಣೆಯಲ್ಲೋ, ಹೆರಿಗೆ ಸಮಯದಲ್ಲೋ, ಹರ್ನಿಯಾ ಆಪರೇಷನ್ ಮುಂಚೆಯೋ ವೈದ್ಯರು ಎದೆಗೆ ಸ್ಟೆತೋಸ್ಕೋಪ್ ಇಟ್ಟು, 'ಸಣ್ಣ ಶಬ್ದ ಇದೆ' ಎಂದಿರುತ್ತಾರೆ. ಎಕೋ ಮಾಡಿಸಿದಾಗ ಕವಾಟ ಸ್ವಲ್ಪ ಸೋರುತ್ತಿದೆ ಎಂದು ಬರೆದಿರುತ್ತದೆ. 'ಸದ್ಯಕ್ಕೆ ಏನೂ ಬೇಡ, ಆಗಾಗ ತೋರಿಸಿ' ಎಂದು ಕಳುಹಿಸಿರುತ್ತಾರೆ. ಈ 'ಆಗಾಗ' ಎಂಬ ಪದದಲ್ಲೇ ಎಲ್ಲ ತೊಂದರೆ ಇರುವುದು. ಯಾವಾಗ ಎಂದು ಯಾರೂ ಬರೆದುಕೊಟ್ಟಿರುವುದಿಲ್ಲ. ರೋಗಿಯೂ ಕೇಳಿರುವುದಿಲ್ಲ. ಮೊದಲ ವರ್ಷ ಭಯದಿಂದ ಹೊಲದ ಕೆಲಸ ಬಿಟ್ಟು ಕೂರುತ್ತಾರೆ, ಮೂರನೇ ವರ್ಷ ಚೀಟಿ ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಎರಡೂ ತಪ್ಪು.

ಸಾಮಾನ್ಯವಾಗಿ ವೈದ್ಯರು ಅನುಸರಿಸುವ ಲೆಕ್ಕ ಹೀಗಿದೆ. ಕವಾಟದ ಸೋರಿಕೆ ಅತ್ಯಲ್ಪ ಎಂದಿದ್ದರೆ ಅದು ಎಷ್ಟೋ ಆರೋಗ್ಯವಂತರಲ್ಲೂ ಕಾಣುವಂಥದ್ದು, ತಲೆಕೆಡಿಸಿಕೊಳ್ಳಬೇಕಿಲ್ಲ. ಸೌಮ್ಯ ಎಂದಿದ್ದರೆ ಮೂರರಿಂದ ಐದು ವರ್ಷಕ್ಕೊಮ್ಮೆ ಎಕೋ. ಮಧ್ಯಮ ಎಂದಿದ್ದರೆ ವರ್ಷ ಅಥವಾ ಎರಡು ವರ್ಷಕ್ಕೊಮ್ಮೆ. ತೀವ್ರ ಎಂದರೆ ಆರು ತಿಂಗಳು, ವರ್ಷದೊಳಗೆ. ನಡುವೆ ಏದುಸಿರು, ಕಾಲಿನ ಗೆಣ್ಣಿನಲ್ಲಿ ಊತ, ಮಲಗಿದರೆ ಉಸಿರು ಕಟ್ಟುವುದು, ಎದೆ ತಾಳ ತಪ್ಪಿ ಬಡಿಯುವುದು, ತಲೆ ಸುತ್ತಿ ಬೀಳುವುದು ಕಂಡರೆ ದಿನಾಂಕಕ್ಕೆ ಕಾಯುವಂತಿಲ್ಲ. ಸೌಮ್ಯ ತೊಂದರೆ ಇದ್ದವರಲ್ಲಿ ಬಹುತೇಕರು ನಡೆಯಬಹುದು, ಗೇಯಬಹುದು, ಮದುವೆಯಾಗಬಹುದು, ದೇವಾಲಯದ ಮೆಟ್ಟಿಲು ಹತ್ತಬಹುದು. ಇಷ್ಟನ್ನು ಯಾರಾದರೂ ಕುಳಿತು ಕನ್ನಡದಲ್ಲಿ ಹೇಳಿದ್ದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತಿತ್ತು.

ನಮ್ಮ ನಾಡಿನಲ್ಲಿ ಕವಾಟದ ತೊಂದರೆಗೆ ಒಂದು ವಿಶೇಷ ಕಾರಣವಿದೆ, ಅದು ಬಡತನದ ಕಾಯಿಲೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಗಂಟಲು ನೋವು ಬರುತ್ತದೆ. ತಾನಾಗಿ ಹೋಗುತ್ತದೆ ಎಂದು ಬಿಡುತ್ತೇವೆ. ಎರಡು ಮೂರು ವಾರದ ನಂತರ ಜ್ವರ, ಕೀಲು ನೋವು. ಇವತ್ತು ಮೊಣಕಾಲು, ನಾಳೆ ಮೊಣಕೈ. ಇದು ರುಮ್ಯಾಟಿಕ್ ಜ್ವರ. ಕೀಲು ನೋವು ಹೋಗುತ್ತದೆ, ಹೃದಯದ ಕವಾಟದ ಮೇಲೆ ಕಲೆ ಉಳಿಯುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳಲ್ಲಿ, ಕಿಕ್ಕಿರಿದ ಹಾಸ್ಟೆಲುಗಳಲ್ಲಿ ಇದಕ್ಕೆ ಕಾರಣವಾಗುವ ಗಂಟಲು ಸೋಂಕು ಸುಲಭವಾಗಿ ಹರಡುತ್ತದೆ. ಶ್ರೀಮಂತ ದೇಶಗಳಲ್ಲಿ ಬಹುತೇಕ ಮರೆತುಹೋಗಿರುವ ಈ ಕಾಯಿಲೆಗೆ ವಿಶ್ವ ಆರೋಗ್ಯ ಸಭೆ 2018ರಲ್ಲಿ ಪ್ರತ್ಯೇಕ ನಿರ್ಣಯವನ್ನೇ ಅಂಗೀಕರಿಸಬೇಕಾಯಿತು.

ಇದಕ್ಕೆ ಮದ್ದು ದುಬಾರಿಯದಲ್ಲ. ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಒಂದು ಪೆನಿಸಿಲಿನ್ ಚುಚ್ಚುಮದ್ದು. ಹೊಸದಾಗಿ ಜ್ವರ ಮರುಕಳಿಸದಂತೆ, ಸೌಮ್ಯ ಸೋರಿಕೆ ತೀವ್ರವಾಗದಂತೆ ಅದು ಕಾಯುತ್ತದೆ. ಆದರೆ ವರ್ಷಗಟ್ಟಲೆ ತೆಗೆದುಕೊಳ್ಳಬೇಕು. ಹೃದಯಕ್ಕೆ ತಾಗಿದ್ದರೆ ಕನಿಷ್ಠ ಹತ್ತು ವರ್ಷ ಅಥವಾ ಇಪ್ಪತ್ತೊಂದು, ಇಪ್ಪತ್ತೈದರ ವಯಸ್ಸಿನವರೆಗೆ, ಕೆಲವರಿಗೆ ಅದಕ್ಕೂ ಮುಂದೆ. ಚುಚ್ಚಿದ ಜಾಗ ಎರಡು ದಿನ ನೋಯುತ್ತದೆ. ಹುಡುಗನಿಗೆ ಯಾವ ನೋವೂ ಇಲ್ಲದಿರುವಾಗ ಏಕೆ ಚುಚ್ಚಿಸಬೇಕು ಎಂದು ತಾಯಿಗೆ ಅನಿಸುವುದು ಸಹಜ. ಮಾತ್ರೆ ಬಿಡುವುದು, ಚುಚ್ಚುಮದ್ದು ಬಿಡುವುದು ಯಾವಾಗಲೂ ಆರೋಗ್ಯವಾಗಿರುವಾಗಲೇ.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಹೆಣ್ಣುಮಗಳಿಗೆ ಹೃದಯದಲ್ಲಿ ಶಬ್ದ ಇದೆ ಎಂದು ಗೊತ್ತಾದರೆ ಎಷ್ಟೋ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಫೈಲನ್ನು ಟ್ರಂಕಿನ ತಳಕ್ಕೆ ಹಾಕುವುದು. ಗಂಡಿನ ಕಡೆಯವರಿಗೆ ತಿಳಿದರೆ ಸಂಬಂಧ ತಪ್ಪುತ್ತದೆ ಎಂಬ ಭಯ. ಚುಚ್ಚುಮದ್ದು ಹಾಕಿಸಲು ಹೋದರೆ ನೆರೆಯವರು ಕೇಳುತ್ತಾರೆ, ಆದ್ದರಿಂದ ಅದೂ ನಿಲ್ಲುತ್ತದೆ. ಮದುವೆಯಾಗಿ ಗರ್ಭಿಣಿಯಾದಾಗ ದೇಹದಲ್ಲಿ ರಕ್ತದ ಪ್ರಮಾಣ ಶೇಕಡಾ 40ಕ್ಕೂ ಹೆಚ್ಚು ಏರುತ್ತದೆ. ಕವಾಟ ಸ್ವಲ್ಪ ಸೋರುತ್ತಿದ್ದರೆ ಹೃದಯ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕಿರಿದಾಗಿದ್ದರೆ ತಡೆದುಕೊಳ್ಳುವುದಿಲ್ಲ, ಏಳನೇ ಎಂಟನೇ ತಿಂಗಳಲ್ಲಿ ಮಲಗಲಾಗದಂತೆ ಏದುಸಿರು ಬರುತ್ತದೆ. ಹೆರಿಗೆ ಮಾಡಿಸುವ ವೈದ್ಯರಿಗೂ ಹಳೆಯ ಕಥೆ ಗೊತ್ತಿರುವುದಿಲ್ಲ, ಏಕೆಂದರೆ ಫೈಲು ತವರಿನಲ್ಲಿದೆ. ಮೊದಲೇ ತಿಳಿಸಿದ್ದರೆ ಎಕೋ ಮಾಡಿ, ಬೇಕಿದ್ದರೆ ಬಲೂನಿನಿಂದ ಕವಾಟ ಅಗಲಿಸಿ, ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಬಹುದಿತ್ತು. ನಮ್ಮ ವಿವಾಹ ಸಿದ್ಧತಾ ಶಿಬಿರಗಳಲ್ಲಿ ಹಣಕಾಸಿನ ಬಗ್ಗೆ, ಅತ್ತೆ ಸೊಸೆಯರ ಬಗ್ಗೆ ಗಂಟೆಗಟ್ಟಲೆ ಹೇಳುತ್ತೇವೆ. ಇದಕ್ಕೆ ಹತ್ತು ನಿಮಿಷ ಕೊಟ್ಟರೆ ತಪ್ಪೇನು? ಗಂಡಿನ ಕಡೆಯವರೂ ಅಲ್ಲೇ ಕುಳಿತಿರುತ್ತಾರೆ ಎಂಬುದು ಮುಖ್ಯ. ಬಚ್ಚಿಡುವ ತಪ್ಪು ಹೆಣ್ಣಿನ ಮನೆಯವರದಷ್ಟೇ ಅಲ್ಲ, ಬಚ್ಚಿಡುವಂತೆ ಮಾಡಿದವರದ್ದೂ ಹೌದು.

ಹೃದಯದ ಕಾಯಿಲೆ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆಗೆ ಇಡೀ ಜಗತ್ತು ಗಮನಿಸಿದ ಒಂದು ಉತ್ತರ ಹೊರಟಿದ್ದು ಮೈಸೂರಿನಿಂದಲೇ, ಅದೂ ಒಂದು ಕ್ರೈಸ್ತ ಆಸ್ಪತ್ರೆಯ ಹಳೆಯ ದಫ್ತರದಿಂದ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮೆಥೊಡಿಸ್ಟ್ ಮಿಷನರಿಗಳು 1906ರಲ್ಲಿ ಆರಂಭಿಸಿದ ಆ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಆಗ ಅದನ್ನು ಬರೆದ ದಾದಿಯರಿಗೆ ಅದರಿಂದ ಏನಾಗುತ್ತದೆ ಎಂದು ಗೊತ್ತಿರಲಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಮತ್ತು ಮೈಸೂರಿನ ವೈದ್ಯರು ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಸುತ್ತಮುತ್ತಲೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ, ಅದರಲ್ಲೂ ತಾಯಿಯ ತೂಕವೂ ಕಡಿಮೆ ಇದ್ದವರಲ್ಲಿ, ನಡುವಯಸ್ಸು ದಾಟಿದ ಮೇಲೆ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಇದು ಲಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರ ಅರ್ಥವನ್ನು ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ಅಂದು ತಾಯಿ ಅರೆಹೊಟ್ಟೆಯಲ್ಲಿದ್ದಳು, ಇಂದು ಮಗ ಹೊಟ್ಟೆ ಬಿಟ್ಟಿದ್ದಾನೆ. ನಾಲೆ ನೀರು ಬಂದು ಭತ್ತ, ಕಬ್ಬು ಬಂತು. ರಾಗಿ ಮುದ್ದೆಯ ಪಕ್ಕಕ್ಕೆ ಮೂರು ಹೊತ್ತಿನ ಅನ್ನ ಬಂತು. ಎತ್ತಿನ ಹಿಂದೆ ನಡೆಯುತ್ತಿದ್ದವನು ಬೈಕಿನಲ್ಲಿ ಹೊಲಕ್ಕೆ ಹೋಗುತ್ತಾನೆ, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಬಡತನದಲ್ಲಿ ಹುಟ್ಟಿದ ದೇಹ ಈ ಅನುಕೂಲಕ್ಕೆ ಸಿದ್ಧವಾಗಿರಲಿಲ್ಲ. ಆದ್ದರಿಂದ ಹಾಸನದಲ್ಲಿ ಏನೋ ವಿಷ ಗಾಳಿ ಬೀಸಿತು ಎಂದು ಹುಡುಕುವುದಕ್ಕಿಂತ, ನಲವತ್ತು ದಾಟಿದವರ ಬಿ.ಪಿ. ಮತ್ತು ಸಕ್ಕರೆಯನ್ನು ಹುಡುಕುವುದು ಬುದ್ಧಿವಂತಿಕೆ.

ಹುಡುಕುವುದು ಎಲ್ಲಿ? ಇಲ್ಲಿ ದೂರದ ಲೆಕ್ಕ ಬರುತ್ತದೆ. ನಂಜನಗೂಡು ಮೈಸೂರಿನಿಂದ ಸುಮಾರು 23 ಕಿ.ಮೀ., ರೈಲೂ ಇದೆ. ತಿ. ನರಸೀಪುರ ಸುಮಾರು 30 ಕಿ.ಮೀ., ರೈಲು ಇಲ್ಲ. ಜಯದೇವ ಇರುವುದು ಮೈಸೂರಿನ ಆ ತುದಿಯಲ್ಲಿ, ಊರು ದಾಟಿ ಹೋಗಬೇಕು. ನರಸೀಪುರದಿಂದ ಒಳಗೆ ಹತ್ತು ಕಿಲೋಮೀಟರ್ ಇರುವ ಹಳ್ಳಿಯ ಒಬ್ಬ ಕೂಲಿ ಹೆಂಗಸನ್ನು ಕಲ್ಪಿಸಿಕೊಳ್ಳಿ. ಮೊದಲ ಬಸ್ಸಿಗೆ ಹೊರಟು, ಎರಡು ಬಸ್ಸು ಬದಲಿಸಿ, ಚೀಟಿ ಮಾಡಿಸಿ, ಇ.ಸಿ.ಜಿ. ಆಗಿ, ಎಕೋಗೆ ಕಾದು ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ಸಿನ ಖರ್ಚು ಉಳಿದಿದೆ, ಇದು ಸಣ್ಣ ಸಹಾಯವಲ್ಲ. ಆದರೆ ಆ ದಿನದ ಕೂಲಿ ಹೋಯಿತು. ಜೊತೆಗೆ ಬಂದ ಗಂಡನದೂ ಹೋಯಿತು, ಅವನಿಗೆ ಟಿಕೆಟ್ಟೂ ಬೇಕು. ನೋವೇ ಇಲ್ಲದ ಕಾಯಿಲೆಗೆ ಇಷ್ಟು ಕಳೆದುಕೊಳ್ಳಲು ಅವಳು ಹಿಂಜರಿದರೆ ಅದನ್ನು ಅಜ್ಞಾನ ಎನ್ನಬಾರದು.

ಆದ್ದರಿಂದ ಜಯದೇವ ಕೊನೆಯ ಮೆಟ್ಟಿಲಾಗಬೇಕು, ಮೊದಲನೆಯದಲ್ಲ. ಬಿ.ಪಿ., ಸಕ್ಕರೆ ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಇ.ಸಿ.ಜಿ.ಗೆ ತಾಲೂಕು ಆಸ್ಪತ್ರೆ ಸಾಕು. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಹಿಡಿದು ಹೋದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಪತ್ರವಿಲ್ಲದೆ ನೇರ ಹೋದವರು ಕೈಯಿಂದ ಕೊಟ್ಟು ಆಮೇಲೆ ಅಳುತ್ತಾರೆ. ಒಂದು ಎಚ್ಚರಿಕೆ: ಇ.ಸಿ.ಜಿ. ಸರಿ ಬಂತು ಎಂದರೆ ಹೃದಯವೇ ಸರಿ ಇದೆ ಎಂದಲ್ಲ. ಆ ಕ್ಷಣದ ವಿದ್ಯುತ್ ಚಿತ್ರ ಅದು. ನಡೆದಾಗ ಎದೆ ಬಿಗಿದು, ನಿಂತರೆ ಹೋಗುವ ನೋವಿದ್ದರೆ ವಿಶ್ರಾಂತಿಯಲ್ಲಿ ತೆಗೆದ ಇ.ಸಿ.ಜಿ. ಶುದ್ಧವಾಗಿಯೇ ಬರಬಹುದು. ಅಂಥವರಿಗೆ ಟಿ.ಎಂ.ಟಿ. ಅಥವಾ ಇನ್ನೂ ಮುಂದಿನ ಪರೀಕ್ಷೆ ಬೇಕು.

ನಿಜವಾಗಿ ಆಘಾತವಾದಾಗ ಏನು ಎಂಬುದಕ್ಕೂ ಈಗ ದಾರಿ ಇದೆ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ದೊಡ್ಡ ಆಸ್ಪತ್ರೆಯ ತಜ್ಞರಿಗೆ ನಿಮಿಷಗಳಲ್ಲಿ ತಲುಪುತ್ತದೆ. ಅವರು ಹೌದು ಎಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ. ಹಾಸನದ ಗದ್ದಲದ ನಂತರ ಇದನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಇದೆಯೇ, ರಾತ್ರಿ ಹೊತ್ತು ಇ.ಸಿ.ಜಿ. ತೆಗೆಯುವವರಿದ್ದಾರೆಯೇ ಎಂದು ಎದೆನೋವು ಬರುವ ಮೊದಲೇ ಹೋಗಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಕರಾವಳಿಯಲ್ಲಿ ಡಾ. ಪದ್ಮನಾಭ ಕಾಮತ್ ಅವರು 2018ರಿಂದ ಇದೇ ಬಗೆಯ ಕೆಲಸವನ್ನು ಸರ್ಕಾರದ ಹಣವಿಲ್ಲದೆ ಶುರು ಮಾಡಿದರು. ಹಳ್ಳಿಯ ವೈದ್ಯರಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ವಾಟ್ಸಾಪಿನಲ್ಲಿ ಚಿತ್ರ ತರಿಸಿಕೊಂಡು ಸಲಹೆ ಕೊಡುವುದು. ಯಂತ್ರಕ್ಕಿಂತ ಅದರ ಹಿಂದೆ ಉತ್ತರಿಸುವ ಮನುಷ್ಯನಿರುವುದು ಮುಖ್ಯ ಎಂಬುದನ್ನು ಅದು ತೋರಿಸಿತು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ದೂರವಲ್ಲ, 'ಗ್ಯಾಸ್ಟ್ರಿಕ್' ಎಂಬ ಪದ. ಕನ್ನಡ ನಾಡಿನಲ್ಲಿ ಈ ಪದ ಎಷ್ಟು ಜೀವ ತೆಗೆದಿದೆಯೋ ದೇವರೇ ಬಲ್ಲ. ಎದೆ ಉರಿ ಎಂದು ಸೋಡಾ ಕುಡಿದು, ಓಮಿನ ನೀರು ಕುಡಿದು ರಾತ್ರಿ ಕಳೆಯುತ್ತಾರೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಕೆಲವೊಮ್ಮೆ ಸಿನಿಮಾದಂತೆ ಎದೆ ಹಿಡಿದುಕೊಂಡು ಬರುವುದಿಲ್ಲ. ಬೆವರು, ವಾಂತಿ, ಸುಸ್ತು, ದವಡೆ ನೋವು, ಅಷ್ಟೇ. ಹೆಪ್ಪು ಕರಗಿಸುವ ಮದ್ದು ಮೊದಲ ಕೆಲವು ಗಂಟೆಯಲ್ಲಿ ಮಾಡುವ ಕೆಲಸವನ್ನು ಬೆಳಗಾದ ಮೇಲೆ ಮಾಡಲಾರದು.

ಧರ್ಮಕೇಂದ್ರಗಳ ಬಗ್ಗೆ ಎರಡು ಮಾತು. ನಾವು ಆರೋಗ್ಯ ಶಿಬಿರ ಮಾಡುತ್ತೇವೆ. ಬ್ಯಾನರ್ ಕಟ್ಟುತ್ತೇವೆ, ಇನ್ನೂರು ಜನರ ಬಿ.ಪಿ. ನೋಡುತ್ತೇವೆ, ಫೋಟೋ ಇಂಥ ಪುಟಗಳಿಗೆ ಕಳುಹಿಸುತ್ತೇವೆ. ಆ ಇನ್ನೂರರಲ್ಲಿ ಹೆಚ್ಚು ಬಿ.ಪಿ. ಕಂಡ ಮೂವತ್ತು ಜನ ಮುಂದಿನ ತಿಂಗಳು ಮಾತ್ರೆ ತೆಗೆದುಕೊಂಡರೇ ಎಂದು ಕೇಳಿದವರು ಯಾರು? ನನ್ನ ಅಭಿಪ್ರಾಯದಲ್ಲಿ ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ತಿಂಗಳಿಗೊಮ್ಮೆ ಭಾನುವಾರ ಬಲಿಪೂಜೆಯ ನಂತರ ಒಂದು ಬಿ.ಪಿ. ಯಂತ್ರ, ಒಂದು ನೋಟ್‌ಬುಕ್, ಒಬ್ಬ ನಿವೃತ್ತ ದಾದಿ ಮೇಲು. ಕಿರು ಕ್ರೈಸ್ತ ಸಮುದಾಯದ ಮುಖಂಡರಿಗೆ ತಮ್ಮ ವಾಳೆಯ ಮನೆಗಳು ಗೊತ್ತು. ಆಶಾ ಕಾರ್ಯಕರ್ತೆಗೂ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಬಿ.ಪಿ., ಸಕ್ಕರೆ ನೋಡುವ ಏರ್ಪಾಡೂ ಬಂದಿದೆ. ಇಬ್ಬರೂ ಒಮ್ಮೆ ಕುಳಿತು ಮಾತನಾಡಿದರೆ ಸಾಕು, ಹೊಸ ಸಂಘ ಕಟ್ಟಬೇಕಿಲ್ಲ.

ಪ್ರಾರ್ಥನೆಯಿಂದ ಗುಣವಾಯಿತು ಎಂದು ಮಾತ್ರೆ ಬಿಟ್ಟವರನ್ನೂ ನಾವು ಬಲ್ಲೆವು. ನಂಜನಗೂಡಿನಲ್ಲಿ ಒಂದು ಹಳೆಯ ಕಥೆ ಇದೆ: ಟಿಪ್ಪು ಸುಲ್ತಾನನ ಆನೆಯ ಕಣ್ಣು ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ವಾಸಿಯಾಯಿತಂತೆ, ಅಂದಿನಿಂದ ಸುಲ್ತಾನ ದೇವರನ್ನು ಹಕೀಮ್ ನಂಜುಂಡ ಎಂದು ಕರೆದನಂತೆ. ಹಕೀಮ್ ಎಂದರೆ ವೈದ್ಯ. ದೇವರಿಗೆ ಕೊಡಬಹುದಾದ ದೊಡ್ಡ ಬಿರುದು ಅದೇ ಎಂದು ಸುಲ್ತಾನನಿಗೆ ಅನಿಸಿರಬೇಕು. ನಮ್ಮ ಸಂತ ಲೂಕರೂ ವೈದ್ಯರೇ. ರೋಗಿಗಳ ಅಭ್ಯಂಗ ಪಡೆದವರು ಮರುದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದರೆ ವಿಶ್ವಾಸಕ್ಕೆ ಕೊರತೆಯಾಗುವುದಿಲ್ಲ ಎಂದು ಗುರುಗಳು ಪೀಠದಿಂದ ಒಮ್ಮೆ ಹೇಳಿದರೆ, ವೈದ್ಯರು ನೂರು ಸಲ ಹೇಳಿದ್ದಕ್ಕಿಂತ ಹೆಚ್ಚು ನಾಟುತ್ತದೆ. ಫೆಬ್ರವರಿ 11ರ ವಿಶ್ವ ರೋಗಿಗಳ ದಿನ ಅದಕ್ಕೆ ತಕ್ಕ ದಿನ.

ಕೊನೆಯದಾಗಿ ಆ ಚೀಟಿಯ ವಿಷಯ. ಎಕೋ ವರದಿಯ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆಗೇ ಇಡಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. 'ಮುಂದಿನ ಎಕೋ ಯಾವ ತಿಂಗಳು, ಯಾವ ವರ್ಷ' ಎಂದು ವೈದ್ಯರಿಂದಲೇ ಅದರ ಮೇಲೆ ಬರೆಸಿಕೊಳ್ಳಿ. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಸೇರುವ ತಿ. ನರಸೀಪುರದಲ್ಲಿ ಕುಂಭಮೇಳ 1989ರಿಂದ ಮೂರು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ನಡೆಯುತ್ತಿದೆ. ಕಳೆದದ್ದು 2025ರ ಫೆಬ್ರವರಿಯಲ್ಲಿ ಆಯಿತು. ಆ ಲೆಕ್ಕದಲ್ಲಿ ಮುಂದಿನದು 2028ಕ್ಕೆ. 2025ರ ಜುಲೈನಲ್ಲಿ ಜಯದೇವದ ಸಾಲಿನಲ್ಲಿ ನಿಂತು 'ಸೌಮ್ಯ ಸೋರಿಕೆ' ಎಂಬ ವರದಿ ಹಿಡಿದು ಮನೆಗೆ ಬಂದವರಿಗೆ ಮುಂದಿನ ಎಕೋ ದಿನಾಂಕವೂ ಹೆಚ್ಚುಕಡಿಮೆ ಆ ಹೊತ್ತಿಗೇ ಬೀಳುತ್ತದೆ. ಮೇಳದ ತಟ್ಟಿ ಕಟ್ಟುವುದು ಕಂಡಾಗ ಚೀಟಿ ತೆಗೆದು ನೋಡಿ.